ಮುಂದಿನ ಬೆಂಚಿನ ಗೈರುಹಾಜರಿ

ಮಾಲಿನಿಗೆ ಕಿವಿ ಹೋದದ್ದು ಎರಡನೇ ಇಯತ್ತೆಯಲ್ಲಿದ್ದಾಗ. ಮಳೆಗಾಲದ ಕೊನೆಗೆ ಬಂದ ಜ್ವರ ತಲೆಗೇರಿತು. ಕುಮಟೆಯ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದವಳು ಕಣ್ಣು ಬಿಟ್ಟಾಗ ಅಮ್ಮ ಕಮಲಿಯ ಬಾಯಿ ಆಡುತ್ತಿತ್ತು, ಮಾತು ಮಾತ್ರ ಬರುತ್ತಿರಲಿಲ್ಲ. ಅಮ್ಮ ಆಟ ಆಡಿಸುತ್ತಿದ್ದಾಳೆಂದುಕೊಂಡು ಹುಡುಗಿ ನಕ್ಕಿದ್ದಳು. ನರವೇ ಸತ್ತುಹೋಗಿದೆ, ಮಾಡುವಂಥದ್ದು ಏನೂ ಉಳಿದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಮಗಳಿಗೆ ತಿಳಿಸುವ ದಾರಿ ಕಾಣದೆ ಕಮಲಿ ಅವಳ ಎರಡು ಕಿವಿಗಳ ಮೇಲೂ ಕೈಯಿಟ್ಟು ಕೂತುಬಿಟ್ಟಳು. ಹುಡುಗಿಗೆ ಅಷ್ಟರಲ್ಲೇ ಅರ್ಥವಾಯಿತು.

ಆ ವಯಸ್ಸಿಗೆ ಮಾತು ಕಲಿತಾಗಿತ್ತು, ಅಕ್ಷರವೂ ಕೂಡಿತ್ತು. ಹಾಗಾಗಿ ಮಾತು ಉಳಿಯಿತು. ದನಿಯ ಏರಿಳಿತ ಮಾತ್ರ ಹೋಯಿತು. ಹೊನ್ನಾವರದ ಎದುರು ದಂಡೆಯ ಕಾಸರಕೋಡದ ಮೀನುಗಾರರ ಕೇರಿಯಲ್ಲಿ ಅವಳು ಮಾತಾಡಿದರೆ ಹೊಸಬರು ತಿರುಗಿ ನೋಡುತ್ತಿದ್ದರು, ಕೇರಿಯವರಿಗೆ ಅಭ್ಯಾಸವಾಗಿತ್ತು. ಎದುರಿನವರ ತುಟಿ ನೋಡಿ ಮಾತು ಹಿಡಿಯುವುದನ್ನು ಅವಳು ತಾನೇ ಕಲಿತಳು. ಯಾರೂ ಕಲಿಸಲಿಲ್ಲ. ಅದು ಹೊರಗಿನವರು ತಿಳಿದಷ್ಟು ಸುಲಭವಲ್ಲ. 'ಬರೆ' ಎಂದರೂ 'ಮರೆ' ಎಂದರೂ ತುಟಿ ಕೂಡುವುದು ಒಂದೇ ಥರ. ಮುಂದೆ ಹಿಂದೆ ಬಂದ ಮಾತು, ಕಣ್ಣು, ಹುಬ್ಬು ಎಲ್ಲ ಸೇರಿಸಿ ಊಹೆ ಮಾಡಬೇಕು. ಊಹೆ ಮುಗಿಯುವುದರೊಳಗೆ ಎದುರಿನವರು ಇನ್ನೆರಡು ಮಾತು ಮುಂದೆ ಹೋಗಿರುತ್ತಾರೆ. ಸಂಜೆಯಾಗುವಾಗ ಅವಳ ಕಣ್ಣು ಉರಿಯುತ್ತಿತ್ತು. ಅಪ್ಪ ಈರನದ್ದಂತೂ ಯಾವಾಗಲೂ ಎಲೆಅಡಿಕೆಯ ಕವಳ ತುಂಬಿದ ಬಾಯಿ. ದೋಣಿಯಿಂದ ಬಂದು ಅಂವ ಹೇಳಿದ್ದರಲ್ಲಿ ಅವಳಿಗೆ ಸಿಗುತ್ತಿದ್ದದ್ದು ಕಾಲುಪಾಲು.

ಪ್ರಾಥಮಿಕ ಶಾಲೆ ಹೇಗೋ ದಾಟಿತು. ಹೈಸ್ಕೂಲಿಗೆ ಬಂದ ವರ್ಷ ಗಣಿತ ವಿಜ್ಞಾನ ಕಲಿಸುತ್ತಿದ್ದ ಭಾಸ್ಕರ ಮಾಸ್ತರರ ಕಣ್ಣಿಗೆ ಅವಳು ಬಿದ್ದಳು. ಮೂರನೇ ಬೆಂಚಿನಲ್ಲಿ ಕೂತು, ಪಾಠದುದ್ದಕ್ಕೂ ಪಕ್ಕದವಳ ಬರೆಯುವ ಪಟ್ಟಿಯನ್ನೇ ನೋಡುವ ಹುಡುಗಿ. ಮೊದಲು ಅವರು ಕದ್ದು ಬರೆಯುತ್ತಾಳೆಂದು ಬೈದರು. ಬೈದದ್ದೂ ಅವಳಿಗೆ ಗೊತ್ತಾಗಲಿಲ್ಲ, ಬರೆಯುತ್ತಲೇ ಇದ್ದಳು. ಅವತ್ತು ಸಂಜೆ ಮಾಸ್ತರರು ಅವಳ ಮನೆಯ ದಾರಿ ಕೇಳಿಕೊಂಡು ಹೊಳೆಬಾಯಿಯ ಕಡೆಗೆ ನಡೆದುಬಂದರು. ಕಮಲಿ ಒಣಮೀನಿನ ಕೈ ತೊಳೆದುಕೊಂಡು ಬಂದು ಎಲ್ಲ ಹೇಳಿದಳು.

ಮರುದಿನದಿಂದ ಮಾಲಿನಿಯ ಜಾಗ ಮೊದಲ ಬೆಂಚು. ಅದೂ ಎಲ್ಲೆಂದರಲ್ಲಿ ಅಲ್ಲ. ಕಿಟಕಿಯ ಬೆಳಕು ಮಾಸ್ತರರ ಮುಖದ ಮೇಲೆ ಬೀಳುವ ಹಾಗೆ ಬೆಂಚು ಹಾಕಿಸಿದರು. ಬೆಳಕು ಬೆನ್ನ ಹಿಂದಿದ್ದರೆ ಮುಖ ಕಪ್ಪಾಗಿ ಕಾಣುತ್ತದೆ, ತುಟಿ ತಿಳಿಯುವುದಿಲ್ಲ ಎಂದು ಅವಳೇ ಹೇಳಿದ್ದಳು. ಬೋರ್ಡಿಗೆ ಮುಖ ಮಾಡಿ ಮಾತಾಡಬಾರದು, ಬರೆದು ಮುಗಿಸಿ ತಿರುಗಿದ ಮೇಲೆಯೇ ಹೇಳಬೇಕು ಎಂದು ಉಳಿದ ಶಿಕ್ಷಕರಿಗೂ ಹೇಳಿದರು. ಕೆಲವರು ಮುಖ ಗಂಟಿಕ್ಕಿದರು, ಆಮೇಲೆ ರೂಢಿಯಾಯಿತು. ಮಾಸ್ತರರಿಗೆ ದಪ್ಪ ಮೀಸೆಯಿತ್ತು, ಮೇಲ್ದುಟಿ ಪೂರ್ತಿ ಮುಚ್ಚುವಂಥದ್ದು. ಒಂದು ಸೋಮವಾರ ಅದನ್ನು ತೆಗೆಸಿಕೊಂಡು ಬಂದರು. ಇಡೀ ಶಾಲೆ ನಕ್ಕಿತು. ಯಾಕೆಂದು ಅವರು ಯಾರಿಗೂ ಹೇಳಲಿಲ್ಲ, ಆದರೆ ಮಾಲಿನಿಗೆ ಅವತ್ತಿನ ಪಾಠ ಒಂದು ಶಬ್ದ ಬಿಡದೆ ಸಿಕ್ಕಿತು.

ಪಕ್ಕದಲ್ಲಿ ಧನ್ಯಾ ಕೂರುತ್ತಿದ್ದಳು. ಹೆದ್ದಾರಿ ಬದಿಯ ಕಿರಾಣಿ ಅಂಗಡಿಯವರ ಮಗಳು. ಬಾಯಿತುಂಬ ಮಾತು, ಆದರೆ ಮಾಲಿನಿಯ ಕಡೆ ಮುಖ ಮಾಡದೆ ಒಂದು ಮಾತೂ ಆಡುತ್ತಿರಲಿಲ್ಲ. ಹಿಂದಿನಿಂದ ಯಾರಾದರೂ ಪ್ರಶ್ನೆ ಕೇಳಿದರೆ ಅದನ್ನು ಸದ್ದಿಲ್ಲದೆ ತುಟಿಯಲ್ಲೇ ಮತ್ತೆ ಹೇಳುವಳು. ಮಾಸ್ತರರು ಉಕ್ತಲೇಖನ ಕೊಟ್ಟರೆ ತನ್ನ ಪಟ್ಟಿಯನ್ನು ಸ್ವಲ್ಪ ಎಡಕ್ಕೆ ಸರಿಸಿಡುವಳು. ಹತ್ತನೆಯ ಪರೀಕ್ಷೆಯಲ್ಲಿ ಕೋಣೆಯೊಳಗೆ ಬಾಯಿಮಾತಲ್ಲಿ ಹೇಳುವ ಸೂಚನೆಗಳನ್ನೆಲ್ಲ ಮಾಸ್ತರರು ಮೊದಲೇ ಮೇಲ್ವಿಚಾರಕರ ಹತ್ತಿರ ಮಾತಾಡಿ ಚೀಟಿಯಲ್ಲಿ ಬರೆದುಕೊಡುವಂತೆ ಮಾಡಿದ್ದರು. ಇದ್ಯಾವುದೂ ಯಾವ ನಿಯಮದಲ್ಲೂ ಇರಲಿಲ್ಲ. ಮಾಸ್ತರರಿಗೆ ಅನಿಸಿತು, ಮಾಡಿದರು, ನಡೆಯಿತು.

ಎರಡು ಸಾವಿರದ ಇಸವಿಯ ಮೇ ತಿಂಗಳಲ್ಲಿ ಫಲಿತಾಂಶ ಬಂತು. ಮಾಲಿನಿ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದಳು. ಗಣಿತದಲ್ಲಿ ಶಾಲೆಗೇ ಅವಳದ್ದು ಹೆಚ್ಚು. ಕೇರಿಯಲ್ಲಿ ಅಲ್ಲಿಯವರೆಗೆ ಹುಡುಗಿಯರು ಅಷ್ಟು ಅಂಕ ತಗೊಂಡದ್ದಿರಲಿಲ್ಲ. ಕಮಲಿ ಬಂಗಡೆ ಬುಟ್ಟಿ ತಲೆಯ ಮೇಲಿಟ್ಟುಕೊಂಡೇ ನಾಲ್ಕು ಮನೆಗೆ ಹೇಳಿಬಂದಳು.

ಈರನಿಗೆ ಮುಂದೆ ಓದಿಸುವ ಮನಸ್ಸಿರಲಿಲ್ಲ. ಕೆಟ್ಟವನಲ್ಲ, ಹೆದರಿದ್ದ. ಇಲ್ಲಿ ಕೇರಿಯಲ್ಲಾದರೆ ಎಲ್ಲರಿಗೂ ಗೊತ್ತು, ಹೊನ್ನಾವರದ ಪೇಟೆಯಲ್ಲಿ ಹಿಂದಿನಿಂದ ಲಾರಿ ಬಂದರೂ ಹುಡುಗಿಗೆ ಕೇಳುವುದಿಲ್ಲ ಎಂಬುದು ಅವನ ಮೊದಲ ಮಾತು. ಕಿವಿ ಇದ್ದವರಿಗೇ ನೌಕರಿ ಇಲ್ಲ ಎಂಬುದು ಎರಡನೆಯದ್ದು. ಕಮಲಿ ಜಗಳ ಮಾಡಲಿಲ್ಲ.

"ಮೀನು ಒಣಗ್ಸೂಕೆ ಅವಳು ಯಾವಾಗ ಬೇಕಾರೂ ಬರೂಕಾಗ್ತದೆ," ಅಂದಳು. "ಕಾಲೇಜು ಮತ್ತೆ ಬರೂದಿಲ್ಲ."

ಮಾಲಿನಿ ಕಾಮರ್ಸ್ ಆರಿಸಿಕೊಂಡಳು. ಲೆಕ್ಕ ಬೋರ್ಡಿನ ಮೇಲೆ ಬರುತ್ತದೆ, ಕೇಳುವುದು ಕಡಿಮೆ ನೋಡುವುದು ಹೆಚ್ಚು ಎಂಬ ಯೋಚನೆ. ಮುಂದೆ ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ಲೆಕ್ಕ ಬರೆಯಬಹುದು, ಅಲ್ಲಿ ಬಾಯಿಗಿಂತ ಕೈಗೆ ಕೆಲಸ ಎಂದು ಮಾಸ್ತರರೂ ಹೇಳಿದರು. ಧನ್ಯಾ ಸೈನ್ಸ್ ತಗೊಂಡು ಕುಮಟೆಯಲ್ಲಿ ಮಾವನ ಮನೆಯಲ್ಲಿದ್ದು ಓದುವುದೆಂದು ಆಗಲೇ ತೀರ್ಮಾನವಾಗಿತ್ತು. ಹೋಗುವ ದಿನ ಬಂದು, ಹೊಸ ಕಾಲೇಜಿನಲ್ಲಿ ಮೊದಲ ದಿನವೇ ಒಬ್ಬ ಜೋರಾದ ಹುಡುಗಿಯನ್ನು ಗೆಳತಿ ಮಾಡಿಕೋ ಎಂದು ಹೇಳಿ ಹೋದಳು.

ಹೊಳೆಯಾಚೆ ಹೊನ್ನಾವರದ ಕಾಲೇಜಿಗೆ ಕಮಲಿ ಮಗಳನ್ನು ಸೇರಿಸುವಾಗ ಭಾಸ್ಕರ ಮಾಸ್ತರರು ಜೊತೆಗೆ ಬಂದರು. ಪ್ರಿನ್ಸಿಪಾಲರು ಸಂಭಾವಿತರು. ಕುರ್ಚಿ ಕೊಟ್ಟು ಕೂರಿಸಿದರು, ಅಂಕ ನೋಡಿ ತಲೆದೂಗಿದರು. ಮೊದಲ ಬೆಂಚು, ಅವಳ ಕಡೆ ಮುಖ ಮಾಡಿ ಪಾಠ, ನೋಟ್ಸ್ ಹೇಳಿ ಬರೆಸುವಾಗ ಒಂದು ಪ್ರತಿ ಇವಳಿಗೆ, ಇಷ್ಟನ್ನು ಮಾಸ್ತರರು ಕೇಳಿಕೊಂಡರು. ಇಷ್ಟೆಲ್ಲ ಕೇಳುತ್ತಿರುವುದಕ್ಕೆ ನಾಚಿಕೆಯಾದವರ ಹಾಗೆ ಅವರು ಮಾತಿನ ನಡುವೆ ಎರಡು ಬಾರಿ ನಕ್ಕದ್ದು ಮಾಲಿನಿಗೆ ಕಾಣಿಸಿತು.

"ನೀವು ತಲೆಬಿಸಿ ಮಾಡ್ಕೊಳ್ಬೇಡಿ ಮಾಸ್ತರ್ರೆ," ಎಂದರು ಪ್ರಿನ್ಸಿಪಾಲರು. "ಇಂಥ ಹುಡುಗಿ ಬಂದದ್ದು ನಮಗೇ ಹೆಮ್ಮೆ. ನಾವು ನೋಡ್ಕೊಳ್ತೇವೆ."

ಆ ಮಾತು ಅವಳಿಗೆ ಸ್ಪಷ್ಟವಾಗಿ ಸಿಕ್ಕಿತು. ಮನೆಗೆ ಬರುವಾಗ ಟೆಂಪೋದಲ್ಲಿ ಅದನ್ನೇ ಅಮ್ಮನಿಗೆ ಮತ್ತೆ ಮತ್ತೆ ಹೇಳಿದಳು.

ಮೊದಲ ದಿನ ಕ್ಲಾಸಿಗೆ ಹೋದಾಗ ಅವಳಿಗೆ ಕಂಡದ್ದು ಉದ್ದನೆಯ ಕೋಣೆ, ಒಂದು ಬದಿಗೆ ಹುಡುಗರು, ಇನ್ನೊಂದು ಬದಿಗೆ ಹುಡುಗಿಯರು, ಹೈಸ್ಕೂಲಿನ ಮೂರು ತರಗತಿ ಸೇರಿಸಿದರೂ ಆಗದಷ್ಟು ಜನ. ಮೊದಲ ಬೆಂಚು ಸಿಕ್ಕಿತು, ಆದರೆ ಕಿಟಕಿಗಳಿದ್ದದ್ದು ಬೋರ್ಡಿನ ಕಡೆಗೇ. ಪಾಠ ಮಾಡುವವರೆಲ್ಲ ಬೆಳಕಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ನಿಂತಲ್ಲಿ ನಿಲ್ಲುತ್ತಲೂ ಇರಲಿಲ್ಲ. ನೋಟ್ಸ್ ಹೇಳುತ್ತ ಬೆಂಚುಗಳ ನಡುವೆ ಹಿಂದಿನವರೆಗೆ ನಡೆದುಹೋಗುತ್ತಿದ್ದರು. ಅವರ ಬೆನ್ನಿನ ಹಿಂದೆ ತಿರುಗಿ ಕೂತು ನೋಡಿದರೆ ಹಿಂದಿನ ಬೆಂಚಿನ ಹುಡುಗಿಯರು ತಮ್ಮನ್ನು ನೋಡುತ್ತಿದ್ದಾಳೆಂದು ನಗುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ಹೊಡೆತ ಇಂಗ್ಲಿಷಿನದ್ದು. ಪಾಠ ಅರ್ಧಕ್ಕರ್ಧ ಇಂಗ್ಲಿಷಿನಲ್ಲಿ. ಕಾಗದದ ಮೇಲೆ ಅವಳು ಇಂಗ್ಲಿಷ್ ಓದಬಲ್ಲಳು. ತುಟಿಯ ಮೇಲೆ ಓದಲಾರಳು. ಕಿವಿ ಹೋದ ಮೇಲೆ ಕಲಿತ ಭಾಷೆ ಅದು. ಯಾವ ಶಬ್ದಕ್ಕೆ ಬಾಯಿ ಹೇಗೆ ಆಡುತ್ತದೆ ಎಂಬುದೇ ಅವಳಿಗೆ ತಿಳಿಯದು. ಕನ್ನಡದ ಒಂದು ಮಾತು ಹಿಡಿದು, ಮುಂದಿನದಕ್ಕೆ ಕೈಚಾಚುವಷ್ಟರಲ್ಲಿ ಇಂಗ್ಲಿಷ್ ಬಂದು ಎಲ್ಲ ಕಲಸಿಹೋಗುತ್ತಿತ್ತು.

ಹಾಜರಿ ಕೂಗುವುದು ನಂಬರಿನಿಂದ, ಅದೂ ಇಂಗ್ಲಿಷಿನಲ್ಲಿ. ಅವಳದ್ದು ಐವತ್ತು, ಫಿಫ್ಟಿ. ಫಿಫ್ಟೀನ್ ಎಂದರೂ ಫಿಫ್ಟಿ ಎಂದರೂ ತುಟಿಗೆ ಹೆಚ್ಚು ವ್ಯತ್ಯಾಸವಿಲ್ಲ. ಎರಡನೇ ದಿನವೋ ಮೂರನೇ ದಿನವೋ ಅವಳು ಹದಿನೈದಕ್ಕೆ ಎದ್ದು ನಿಂತು ಪ್ರೆಸೆಂಟ್ ಎಂದಳು. ಆಚೆ ಬದಿಯಲ್ಲಿ ಹದಿನೈದನೇ ನಂಬರಿನ ಹುಡುಗನೂ ಎದ್ದಿದ್ದ. ಇಡೀ ಕ್ಲಾಸು ಅಲ್ಲಾಡಿ ನಕ್ಕದ್ದು ಬೆಂಚಿನ ಹಲಗೆಯಲ್ಲಿ ಅವಳಿಗೆ ತಿಳಿಯಿತು. ತನ್ನ ದನಿ ಹೊರಗೆ ಹೇಗೆ ಕೇಳಿಸುತ್ತದೋ ಎಂಬ ಚಿಂತೆ ಅವಳಿಗೆ ಮೊದಲ ಬಾರಿ ಹುಟ್ಟಿದ್ದು ಅವತ್ತು.

ಪಕ್ಕ ಕೂರುತ್ತಿದ್ದ ದೀಕ್ಷಾ ಎಂಬ ಹುಡುಗಿ ಆಮೇಲೆ ತಾನೇ ಐವತ್ತು ಬಂದಾಗ ಮೊಣಕೈ ಮುಟ್ಟಿ ಹೇಳುತ್ತಿದ್ದಳು. ಒಂದು ತಿಂಗಳು ಹಾಗೆ ನಡೆಯಿತು. ದೀಕ್ಷಾಳಿಗೆ ಲೆಕ್ಕ ಹತ್ತಲಿಲ್ಲ, ಅರ್ಜಿ ಕೊಟ್ಟು ಆರ್ಟ್ಸಿಗೆ ಹೋದಳು. ಆ ಜಾಗದಲ್ಲಿ ಬಂದು ಕೂತವರು ದಿನಕ್ಕೊಬ್ಬರು. ಮಾಲಿನಿ ಧೈರ್ಯಮಾಡಿ, ಕ್ಲಾಸಿನ ಜವಾಬ್ದಾರಿ ಹೊತ್ತಿದ್ದ ಅಕೌಂಟ್ಸ್ ಸರ್ ಹತ್ತಿರ ಹೋಗಿ, ನಂಬರ್ ಕೂಗಿದ್ದು ತನಗೆ ತಿಳಿಯುವುದಿಲ್ಲ ಎಂದು ಹೇಳಿದಳು. ಅವರಿಗೆ ಪಾಪ ಅನಿಸಿತು. ದೊಡ್ಡದಾಗಿ ಬಾಯಿ ತೆರೆದು, ಒಂದೊಂದೇ ಅಕ್ಷರ ಕೂಗಿ ಹೇಳಿದರು. ಕೂಗಿದರೆ ಬಾಯಿಯ ಆಕಾರವೇ ಕೆಡುತ್ತದೆ, ಇನ್ನೂ ಕಷ್ಟ. ಮೂರು ಸಲ ಕೇಳಿದ ಮೇಲೆ ಮಾತು ಸಿಕ್ಕಿತು.

"ನೀನು ಕೂಗುದು ಬೇಡ. ನೀ ಕೂತದ್ದು ಕಾಣ್ತದಲ್ಲ, ನೋಡಿ ಹಾಕ್ತೆ. ಬಾಕಿಯವ್ರಿಗೂ ಹೇಳ್ತೆ."

ಅವಳ ಎದೆ ಹಗುರಾಯಿತು. ಅಲ್ಲಿಂದ ಮುಂದೆ ಹಾಜರಿಯ ಹೊತ್ತಿನಲ್ಲಿ ಅವಳು ತಲೆ ತಗ್ಗಿಸಿ ಪುಸ್ತಕ ಓದುತ್ತಿದ್ದಳು. ತುಟಿ ನೋಡಿ ದಣಿಯುವ ಕಣ್ಣಿಗೆ ಅಷ್ಟಾದರೂ ಬಿಡುವು.

ಅಕ್ಟೋಬರಿನಲ್ಲಿ ಪ್ರಿನ್ಸಿಪಾಲರು ತಾವೇ ಕರೆಸಿ ಒಂದು ಸಂತೋಷದ ಸುದ್ದಿ ಹೇಳಿದರು. ಕುಮಟೆಯಲ್ಲಿ ಯಾರೋ ದಾನಿಗಳು ಶಿಬಿರ ಇಟ್ಟಿದ್ದಾರೆ, ಅಲ್ಲಿ ಅವಳಿಗೆ ಕಿವಿ ಮಷಿನ್ ಸಿಗುತ್ತದೆ. ಕಮಲಿ ಒಂದು ದಿನದ ವ್ಯಾಪಾರ ಬಿಟ್ಟು ಕರೆದುಕೊಂಡು ಹೋದಳು. ಸಾಲಿನಲ್ಲಿ ಕೂರಿಸಿ ಎಲ್ಲರಿಗೂ ಒಂದೇ ಥರದ ಪೆಟ್ಟಿಗೆ ಕೊಟ್ಟರು. ಕಿಸೆಯಲ್ಲಿಟ್ಟುಕೊಳ್ಳುವ ಪೆಟ್ಟಿಗೆ, ಅದರಿಂದ ಕಿವಿಗೆ ವೈರು. ಹಾಕಿ ತಿರುಪಿದಾಗ ಮಾಲಿನಿಗೆ ತಲೆಯೊಳಗೆ ಕಬ್ಬಿಣ ಎಳೆದ ಹಾಗೆ ಒಂದು ಅದುರು ಬಂತು. ಅದು ಶಬ್ದವಾಗಿರಲಿಲ್ಲ, ಬರೀ ನೋವು. ನರ ಸತ್ತಿದೆಯೆಂದು ಡಾಕ್ಟರು ಹಿಂದೆ ಹೇಳಿದ್ದನ್ನು ಕಮಲಿ ಶಿಬಿರದವರಿಗೆ ತಿಳಿಸಿದಳು. ರೂಢಿಯಾದರೆ ಸರಿಯಾಗುತ್ತದೆ ಎಂದರು. ಫೋಟೋ ತೆಗೆದರು.

ಕಾಲೇಜಿನಲ್ಲಿ ಅದು ದೊಡ್ಡ ಬದಲಾವಣೆ ತಂದಿತು. ಮಷಿನ್ ಬಂದಿದೆ, ಇನ್ನು ಅವಳಿಗೆ ಕೇಳುತ್ತದೆ ಎಂದು ಎಲ್ಲರೂ ತಿಳಿದರು. ಅಷ್ಟಿಷ್ಟು ಅವಳ ಕಡೆ ಮುಖ ಮಾಡಿ ಹೇಳುತ್ತಿದ್ದ ಸರ್‌ಗಳೂ ಅದನ್ನು ಬಿಟ್ಟರು. ಪಟ್ಟಿ ಕೊಡುತ್ತಿದ್ದ ಹುಡುಗಿಯರಿಗೆ ಇನ್ನು ಕೊಡಬೇಕಾಗಿಲ್ಲ ಅನಿಸಿತು. ಮಾಲಿನಿ ಒಂದು ವಾರ ಹಲ್ಲು ಕಚ್ಚಿ ಹಾಕಿಕೊಂಡಳು. ತಲೆನೋವು ತಡೆಯಲಾರದೆ ಬ್ಯಾಟರಿ ತೆಗೆದಳು, ವೈರು ಮಾತ್ರ ಕಿವಿಗೆ ಹಾಗೇ ಇಟ್ಟುಕೊಂಡಳು. ಕೊಟ್ಟವರಿಗೆ ಬೇಸರವಾಗದಿರಲಿ ಎಂದು. ಒಂದು ದಿನ ಅದನ್ನೂ ತೆಗೆದಾಗ ಅರ್ಥಶಾಸ್ತ್ರದ ಮೇಡಂ ಕಿವಿ ತೋರಿಸಿ ಏನೋ ಕೇಳಿದರು. ಅದರಿಂದ ಉಪಯೋಗವಿಲ್ಲ ಎಂದು ಇವಳು ಹೇಳಿದಳು. ಮೇಡಂ ಪಕ್ಕದವಳ ಕಡೆ ತಿರುಗಿ ಆಡಿದ ಮಾತು ಇವಳಿಗೆ ತಿಳಿಯದೆಂದು ಅವರು ತಿಳಿದಿರಬೇಕು. ಅದು ಕನ್ನಡದಲ್ಲಿತ್ತು. "ಕೊಟ್ಟದ್ದನ್ನ ಹಾಕ್ಕೊಳ್ಳುದಿಲ್ಲ ಅಂದ್ರೆ ನಾವೆಂತ ಮಾಡುದು?"

ಆದರೂ ಅವಳು ಬಿಡಲಿಲ್ಲ. ಹಳೆಯ ಪಠ್ಯಪುಸ್ತಕ ಸಂಪಾದಿಸಿ, ಇಂಗ್ಲಿಷ್-ಕನ್ನಡ ನಿಘಂಟು ಇಟ್ಟುಕೊಂಡು ಮನೆಯಲ್ಲಿ ಒಬ್ಬಳೇ ಓದಿದಳು. ಜಮಾ ಖರ್ಚಿನ ಲೆಕ್ಕ ಅವಳಿಗೆ ಬಲೆಯ ಕಣ್ಣುಗಳ ಹಾಗೆ ಕಾಣುತ್ತಿತ್ತು. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಸಮನಾಗಬೇಕು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅಕೌಂಟ್ಸಿನಲ್ಲಿ ಕ್ಲಾಸಿಗೇ ಎರಡನೆಯವಳಾಗಿ ಬಂದಳು. ಉಳಿದ ವಿಷಯಗಳಲ್ಲೂ ಪಾಸು. ಸರ್ ಉತ್ತರಪತ್ರಿಕೆ ಕೊಡುವಾಗ ಅವಳ ತಲೆ ಸವರಿದರು.

ಜನವರಿಯ ಕೊನೆಗೆ ಕಾಲೇಜಿನ ಸಿಪಾಯಿ ಕ್ಲಾಸಿಗೆ ಬಂದು ಅವಳನ್ನು ಆಫೀಸಿಗೆ ಕರೆದ. ಕ್ಲರ್ಕ್ ಹೇಳಿದ್ದು ಅವಳಿಗೆ ಹತ್ತಲಿಲ್ಲ. ಕೊನೆಗೆ ಅಂವ ಒಂದು ಕಾಗದದ ಚೂರಿನಲ್ಲಿ ಬರೆದು ತೋರಿಸಿದ. ಹಾಜರಿ ಸಾಲದು, ಪರೀಕ್ಷೆಗೆ ಕೂರುವಂತಿಲ್ಲ.

ಅವಳು ತಪ್ಪು ತಿಳಿದುಕೊಂಡೆನೇನೋ ಎಂದು ಮತ್ತೆ ಓದಿದಳು. ತಾನು ಒಂದು ದಿನವೂ ತಪ್ಪಿಸಿಲ್ಲ, ಜ್ವರ ಬಂದಾಗಲೂ ಬಂದಿದ್ದೇನೆ ಎಂದಳು. ದನಿ ಜೋರಾಗಿರಬೇಕು, ಆಫೀಸಿನವರೆಲ್ಲ ತಲೆಯೆತ್ತಿದರು. ಕ್ಲರ್ಕ್ ಕೈ ತಿರುಗಿಸಿ, ತನ್ನ ಕೈಯಲ್ಲಿ ಇಲ್ಲ ಎಂದು ಸನ್ನೆ ಮಾಡಿದ.

ನೋಡಿ ಹಾಕುತ್ತೇನೆ ಎಂದಿದ್ದ ಸರ್ ಕೆಲವು ದಿನ ನೋಡಿ ಹಾಕಿದ್ದರು. ಆಮೇಲೆ ಮರೆತಿದ್ದರು. ತಲೆ ಬಗ್ಗಿಸಿ ಸರಸರನೆ ನಂಬರ್ ಕೂಗುವ ಅಭ್ಯಾಸ ಅವರದ್ದು, ಐವತ್ತಕ್ಕೆ ಉತ್ತರ ಬರದಿದ್ದರೆ ಪೆನ್ನು ತಾನಾಗಿ ಗೈರು ಎಂದು ಹಾಕುತ್ತಿತ್ತು. ಉಳಿದವರಿಗೆ ಅವರು ಹೇಳಿರಲೇ ಇಲ್ಲ. ಹಿಂದಿನ ಬೆಂಚಿನ ಹುಡುಗರಲ್ಲಿ ಒಬ್ಬ ಸಿನಿಮಾಕ್ಕೆ ಹೋದರೆ ಇನ್ನೊಬ್ಬ ಅವನ ನಂಬರಿಗೆ ಕೂಗಿ ಹಾಜರಿ ಹಾಕಿಸುತ್ತಿದ್ದ. ಹಾಗೆ ಬಾರದವರು ಎಷ್ಟೋ ಜನ ಪರೀಕ್ಷೆಗೆ ಕೂತರು. ಮೇಜಿನ ಮುಂದೆಯೇ ಕೂತಿದ್ದವಳು ವರ್ಷದ ಬಹುಪಾಲು ಗೈರಾಗಿದ್ದಳು.

ಭಾಸ್ಕರ ಮಾಸ್ತರರಿಗೆ ಆ ಹೊತ್ತಿಗೆ ಶಿರಾಲಿಯ ಕಡೆ ವರ್ಗವಾಗಿತ್ತು. ತಾಯಿ ಮಗಳು ಬಸ್ಸು ಹತ್ತಿ ಹುಡುಕಿಕೊಂಡು ಹೋದರು. ಹೆದ್ದಾರಿಯಿಂದ ಒಳಗೆ, ಗದ್ದೆ ದಾಟಿ ಬಾಡಿಗೆ ಮನೆ. ಮಾಸ್ತರರು ಬಾಗಿಲಿಗೆ ಬಂದು ನಗುತ್ತ ಏನೋ ಅಂದರು. ಮಾಲಿನಿಗೆ ಒಂದಕ್ಷರವೂ ತಿಳಿಯಲಿಲ್ಲ. ಅವರು ಮತ್ತೆ ಮೀಸೆ ಬಿಟ್ಟಿದ್ದರು, ಮೊದಲಿನಷ್ಟೇ ದಪ್ಪ. ಬಿಡಬಾರದೆಂದೇನಿದೆ, ಹೊಸ ಶಾಲೆಯಲ್ಲಿ ಅದರಿಂದ ಯಾರಿಗೂ ತೊಂದರೆಯಿರಲಿಲ್ಲ. ಅವಳ ಮುಖ ನೋಡಿ ಅವರಿಗೆ ಹೊಳೆಯಿತು. ಥಟ್ಟನೆ ಕೈ ಬಾಯಿಗೆ ಹೋಯಿತು, ಅದರಿಂದ ತುಟಿ ಇನ್ನಷ್ಟು ಮುಚ್ಚಿತು. ಅವಳು ಬೇರೆ ಕಡೆ ನೋಡಿದಳು. ಅವತ್ತಿನ ಮಾತೆಲ್ಲ ಕಮಲಿಯೇ ಆಡಿದಳು, ಮಾಸ್ತರರು ಹೇಳಿದ್ದನ್ನು ಮಗಳ ಕಡೆ ತಿರುಗಿ ಮತ್ತೆ ಹೇಳಿದಳು.

ಮರುದಿನ ಮಾಸ್ತರರು ರಜೆ ಹಾಕಿ ಹೊನ್ನಾವರಕ್ಕೆ ಬಂದರು. ಪ್ರಿನ್ಸಿಪಾಲರು ಅಕೌಂಟ್ಸ್ ಸರ್ ಅವರನ್ನೂ ಕರೆಸಿದರು. ಮಾಲಿನಿ ಕಮಲಿಯ ಪಕ್ಕ ನಿಂತು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಕಣ್ಣು ಹೊರಳಿಸುತ್ತಿದ್ದಳು. ಎಲ್ಲರೂ ಒಟ್ಟಿಗೆ ಮಾತಾಡುವಾಗ ಯಾರ ಬಾಯಿ ನೋಡುವುದೆಂದೇ ತಿಳಿಯುವುದಿಲ್ಲ. ಸಿಕ್ಕದ್ದು ತುಂಡು ತುಂಡು. ಎಪ್ಪತ್ತೈದು ಪರ್ಸೆಂಟ್ ಎಂಬುದು ಸಿಕ್ಕಿತು. ರಿಜಿಸ್ಟರ್ ತಿದ್ದಿದರೆ ನಾಳೆ ಇನ್ನೊಬ್ಬ ಬಂದು ಕೇಳುತ್ತಾನೆ ಎಂಬುದು ಸಿಕ್ಕಿತು. ಸರ್ ಅವರ ಮುಖ ಕೆಂಪಾಗಿತ್ತು. ಅವಳು ಹೇಳಿದ್ದು ಹೌದು, ಆದರೆ ಅಷ್ಟು ಜನರಲ್ಲಿ ನೆನಪಿಡುವುದು ಹೇಗೆ, ಹಾಜರಿ ಹೇಳುವುದು ವಿದ್ಯಾರ್ಥಿಯ ಕೆಲಸ ಎಂದರು.

ಮಾಸ್ತರರು ಎದ್ದು ನಿಂತರು. ಈ ಬಾರಿ ಅವಳಿಗೆ ತಿಳಿಯಲೆಂದೇ ಅವಳ ಕಡೆ ಮುಖ ಮಾಡಿ, ಮೀಸೆಯಡಿಯ ತುಟಿ ಕಾಣುವಂತೆ ನಿಧಾನವಾಗಿ ಅವರಿಬ್ಬರನ್ನೂ ಕೇಳಿದರು. "ಅವಳು ಮೊದಲ ಬೆಂಚಿನಲ್ಲೇ ಇದ್ದಳಲ್ಲ. ನಿಮಗೆ ಕಾಣಲಿಲ್ಲವಾ?"

ಪ್ರಿನ್ಸಿಪಾಲರು ಮೇಜಿನ ಮೇಲಿನ ಗಾಜಿನ ಗುಂಡನ್ನು ಅತ್ತಿತ್ತ ಸರಿಸಿದರು. ಆಮೇಲೆ ಅವರೇ ಮೆತ್ತಗೆ ಮಾತು ತೆಗೆದರು. ಒಂದು ವರ್ಷ ಹೋಯಿತು ಅಂದುಕೊಂಡರೆ ಆಯಿತು. ಮುಂದಿನ ಜೂನಿನಲ್ಲಿ ಮತ್ತೆ ಸೇರಲಿ, ಆಗ ಎಲ್ಲ ಸರಿಮಾಡೋಣ. ಇಲ್ಲದಿದ್ದರೆ ಇಂಥವರಿಗೇ ಅಂತ ದೂರದ ಊರುಗಳಲ್ಲಿ ಶಾಲೆಗಳಿವೆಯಂತೆ, ಹೊಲಿಗೆ ಗಿಲಿಗೆ ಕಲಿಸುತ್ತಾರೆ. ಹುಡುಗಿಗೆ ಅದೇ ಒಳ್ಳೆಯದಿರಬಹುದು.

ಮಾಸ್ತರರು ಇನ್ನೂ ಎರಡು ಕಚೇರಿಗಳಿಗೆ ಹೋದರು, ಮೇಲಿನವರಿಗೆ ಬರೆದರು. ಪರೀಕ್ಷೆ ಮುಗಿದು ಎಷ್ಟೋ ದಿನದ ಮೇಲೆ, ಕಾಲೇಜಿನ ಮಟ್ಟದಲ್ಲಿ ತೀರ್ಮಾನಿಸಬೇಕಾದ ವಿಷಯ ಎಂದು ಉತ್ತರ ಬಂತು.

ಪ್ರಿನ್ಸಿಪಾಲರ ಕೋಣೆಯಿಂದ ಮರಳಿದ ದಿನ ಈರ ಮನೆಯಲ್ಲಿದ್ದ. ಹೆಂಡತಿ ಹೇಳಿದ್ದೆಲ್ಲ ಕೇಳಿಕೊಂಡು ಹೊರಗೆ ಹೋಗಿ ಕವಳ ಉಗುಳಿ, ಬಾಯಿ ಮುಕ್ಕಳಿಸಿ ಬಂದ. ಮಗಳ ಎದುರಿಗೆ ನೆಲದ ಮೇಲೆ ಕೂತ. ಅವಳೊಡನೆ ಅಂವ ಹಾಗೆ ಕೂತು ಮಾತಾಡಿದ್ದು ಎಂದೂ ಇಲ್ಲ.

"ಸಾಕು ಮಗಾ," ಅಂದ. "ನಿಂದೆಂತ ತಪ್ಪಿಲ್ಲ. ಸಾಕು."

ಅವಳಿಗೆ ಎಲ್ಲ ಸ್ಪಷ್ಟವಾಗಿ ಸಿಕ್ಕಿತು. ಅಳು ಬಂದದ್ದು ಆಗಲೇ.

ಕಮಲಿ ಮಾತ್ರ ಸಾಕು ಎನ್ನಲಿಲ್ಲ. ಜೂನಿನಲ್ಲಿ ತಾನೇ ಮುಂದೆ ನಿಂತು ಮತ್ತೆ ಸೇರಿಸಿದಳು. ಪ್ರಿನ್ಸಿಪಾಲರು ಈ ಸಲವೂ ಕುರ್ಚಿ ಕೊಟ್ಟರು, ಈ ಸಲ ಖಂಡಿತ ಹೇಳಿಡುತ್ತೇನೆ ಎಂದರು. ಅಕೌಂಟ್ಸಿಗೆ ಹೊಸಬರು ಬಂದಿದ್ದರು, ಎಳೆ ವಯಸ್ಸಿನವರು, ಗಾಳಿಯ ವೇಗದಲ್ಲಿ ಮಾತು. ಮಾಲಿನಿ ಅವರ ಹತ್ತಿರ ಹೋಗಿ ಹಳೆಯದನ್ನೆಲ್ಲ ಮೊದಲಿನಿಂದ ಹೇಳಬೇಕಿತ್ತು. ತನಗೆ ಕೇಳುವುದಿಲ್ಲ, ತನ್ನ ಕಡೆ ಮುಖ ಮಾಡಿ ಹೇಳಿ, ನಂಬರ್ ಬೇಡ, ನೋಡಿ ಹಾಕಿ. ಒಬ್ಬರಿಗಲ್ಲ, ಎಲ್ಲರಿಗೂ. ಈ ವರ್ಷ ಹೇಳಿದ್ದನ್ನು ಮುಂದಿನ ವರ್ಷ ಮತ್ತೆ. ಪಿಯುಸಿ ದಾಟಿದರೆ ಬಿ.ಕಾಂ.ನಲ್ಲಿ ಮತ್ತೆ. ಸ್ಟಾಫ್ ರೂಮಿನ ಬಾಗಿಲವರೆಗೆ ಹೋದವಳು ಒಳಗೆ ಯಾರೋ ನಗುತ್ತಿದ್ದದ್ದನ್ನು ಕಂಡು ಹಿಂದೆ ಬಂದಳು. ಆ ನಗು ಅವಳ ಬಗ್ಗೆ ಆಗಿರಲಿಕ್ಕಿಲ್ಲ. ಆದರೂ ಕಾಲು ಒಳಗೆ ಹೋಗಲಿಲ್ಲ.

ಮಳೆ ಜೋರಾದ ಒಂದು ಬೆಳಗ್ಗೆ ಅವಳು ಕಾಲೇಜಿಗೆ ಹೊರಡಲಿಲ್ಲ. ಕಮಲಿ ಬೈದಳು, ಬೇಡಿಕೊಂಡಳು, ಎರಡು ದಿನ ಮಾತು ಬಿಟ್ಟಳು. ಕಣ್ಣು ಮುಚ್ಚಿಕೊಂಡರೆ ಮಾಲಿನಿಗೆ ಯಾರ ಬೈಗುಳವೂ ತಲುಪುತ್ತಿರಲಿಲ್ಲ. ಹಾಗೆ ಕಣ್ಣು ಮುಚ್ಚಿಕೊಳ್ಳುವುದನ್ನು ಅವಳು ಮೊದಲು ಮಾಡಿದ್ದಿಲ್ಲ.

ಮಳೆಗಾಲ ಕಳೆದು ದೋಣಿಗಳು ಇಳಿದ ಮೇಲೆ ತಾಯಿಯ ಜೊತೆ ಮೀನು ಒಣಗಿಸುವಲ್ಲಿಗೆ ಹೋಗತೊಡಗಿದಳು. ಉಪ್ಪು ಹಚ್ಚುವುದು, ಹರಡುವುದು, ಕಾಗೆ ಅಟ್ಟುವುದು, ಬಿಸಿಲು ತಿರುಗಿದಾಗ ಮಗುಚುವುದು. ಅಲ್ಲಿ ಹೆಂಗಸರು ಸಾಲಾಗಿ ಬಗ್ಗಿ ಕೆಲಸ ಮಾಡುತ್ತ ಮಾತಾಡುತ್ತಾರೆ. ಬಗ್ಗಿದವರ ಬಾಯಿ ಕಾಣುವುದಿಲ್ಲ. ಕೆಲಸಕ್ಕೆ ಬೇಕಾದದ್ದಕ್ಕೆ ಕೈಸನ್ನೆ ಸಾಕಾಗುತ್ತಿತ್ತು. ಬಾ, ಹೋಗು, ಬುಟ್ಟಿ ಕೊಡು, ಉಣ್ಣು. ತಿಂಗಳುಗಳು ಕಳೆದ ಹಾಗೆ ಅವಳೂ ಕೈಯಲ್ಲೇ ಉತ್ತರ ಕೊಡತೊಡಗಿದಳು. ಅವಳ ಮಾತು ಸವೆಯುತ್ತಿದೆ ಎಂಬುದು ಮೊದಲು ತಿಳಿದದ್ದು ಕಮಲಿಗೆ. ಕೆಲವು ಶಬ್ದಗಳ ಕೊನೆ ಹೋಗಿತ್ತು, ಕೆಲವು ಮೂಗಿನಲ್ಲಿ ಉಳಿಯುತ್ತಿದ್ದವು. ಮನೆಯವರಿಗೂ ಎರಡು ಸಲ ಕೇಳಬೇಕಾಗುತ್ತಿತ್ತು. ಎರಡನೇ ಸಲ ಕೇಳಿದರೆ ಅವಳು ಹೇಳುತ್ತಲೇ ಇರಲಿಲ್ಲ.

ಸೈನ್ಸ್ ಮುಗಿಸಿ, ಕುಮಟೆಯಲ್ಲೇ ಡಿಗ್ರಿಗೆ ಸೇರಿದ ವರ್ಷದ ದೀಪಾವಳಿಗೆ ಧನ್ಯಾ ಕೇರಿಗೆ ಬಂದಳು. ಮರಳಿನ ಮೇಲೆ ಮಾಲಿನಿಯ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು, ಮೊದಲಿನ ಹಾಗೆಯೇ ಮುಖಕ್ಕೆ ಮುಖ ಕೊಟ್ಟು ಮಾತಾಡಿದಳು. ಮಾವನ ಮನೆ, ಪ್ರಾಕ್ಟಿಕಲ್ಲು, ಕಂಪ್ಯೂಟರ್ ಕ್ಲಾಸು, ಯಾರೋ ಮೇಡಂ. ಅವಳ ಮಾತಿನಲ್ಲಿ ಈಗ ಇಂಗ್ಲಿಷ್ ಬಹಳ ಸೇರಿತ್ತು. ಅದು ಅವಳಿಗೆ ಗೊತ್ತೂ ಇರಲಿಲ್ಲ. ಮಾಲಿನಿ ಅವಳ ತುಟಿಯನ್ನೇ ನೋಡುತ್ತಿದ್ದಳು. ಮೊದಲು ನಡುನಡುವೆ ತಪ್ಪಿತು, ಆಮೇಲೆ ಒಂದೇ ಸಮನೆ ತಪ್ಪಿತು. ಒಂದು ಕಾಲಕ್ಕೆ ಅವಳಿಗೆ ಜಗತ್ತಿನಲ್ಲೇ ಅತ್ಯಂತ ಸುಲಭವಾಗಿದ್ದ ಬಾಯಿ ಅದು.

ಮಾಲಿನಿ ಹೌದೆಂಬಂತೆ ನಕ್ಕು ತಲೆಯಾಡಿಸಿದಳು.

ಧನ್ಯಾ ನಿಲ್ಲಿಸಿದಳು. ತಾನು ಕೇಳಿದ್ದು, ನೀನು ಮತ್ತೆ ಯಾಕೆ ಹೋಗಲಿಲ್ಲ ಎಂದು. ಅದಕ್ಕೆ ತಲೆಯಾಡಿಸುವುದು ಉತ್ತರವಲ್ಲ. ಅವಳು ಅದನ್ನೇ ಇನ್ನೊಮ್ಮೆ, ನಿಧಾನವಾಗಿ, ಬರೀ ಕನ್ನಡದಲ್ಲಿ ಕೇಳಿದಳು. ಮಾಲಿನಿ ಈ ಸಲವೂ ನಕ್ಕು ತಲೆಯಾಡಿಸಿದಳು. ಸಿಕ್ಕಿತ್ತೋ ಇಲ್ಲವೋ ಧನ್ಯಾಗೆ ತಿಳಿಯಲಿಲ್ಲ.

ಬಿಸಿಲು ತಿರುಗಿತ್ತು. ಆಚೆಯಿಂದ ಕಮಲಿ ಕೈಯೆತ್ತಿ ಮಗುಚುವ ಸನ್ನೆ ಮಾಡಿದಳು. ಮಾಲಿನಿ ಎದ್ದು ಸೀರೆಯ ಮರಳು ಕೊಡವಿಕೊಂಡು, ಸಾಲಿನ ತುದಿಗೆ ಹೋಗಿ ಬಗ್ಗಿದಳು.